ಹೊಳೆ ಏರುವ ಅರ್ಧ ಗಂಟೆ

ಕಾಳಿ ಹೊಳೆ ದಿನಕ್ಕೊಮ್ಮೆ ಏರುತ್ತದೆ, ದಿನಕ್ಕೊಮ್ಮೆ ಇಳಿಯುತ್ತದೆ. ಸಮುದ್ರದ ನೀರು ಚಂದ್ರನನ್ನು ನೋಡಿ ಏರಿದರೆ, ಜೋಯಿಡಾದ ಈ ಹೊಳೆ ಮೇಲಿನ ಅಣೆಕಟ್ಟಿನ ವಿದ್ಯುತ್ ಮನೆಯನ್ನು ನೋಡಿ ಏರುತ್ತದೆ. ಅಲ್ಲಿ ಯಂತ್ರ ತಿರುಗಿದರೆ ಇಲ್ಲಿ ನೀರು ಬರುತ್ತದೆ, ನಿಂತರೆ ಇಳಿಯುತ್ತದೆ. ಹತ್ತು ದಿನ ಈ ಏರಿಳಿತವನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆ ಹೊಳೆ ನನಗೆ ಅರ್ಥವಾಯಿತು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಒಂದು ಮೀನು ಸತ್ತಿತು.

ನಾನು ಮುಂಡಗೋಡ ತಾಲೂಕಿನ ಚಿಗಳ್ಳಿಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದೂ ಮೀನುಗಾರಿಕೆಯಲ್ಲಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕಂಡವರ ಹೊಲದಲ್ಲಿ ಕಬ್ಬು ಕಡಿದು, ಅವ್ವ ಗೋವಿನಜೋಳದ ತೆನೆ ಮುರಿದು ಕೊಡಿಸಿದ ಡಿಗ್ರಿ ಅದು. ಕೆಲಸ ಸಿಕ್ಕಿದ್ದು ಹಳಿಯಾಳದ ಕಡೆಯ ಒಂದು ಮೀನುಮರಿ ಕೇಂದ್ರದಲ್ಲಿ, ಮಹಶೀರ್ ಮರಿ ಮಾಡುವ ಕೆಲಸಕ್ಕೆಂದೇ. ಮಹಶೀರ್ ಅಂದರೆ ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹುರುಪೆಯ, ಬಂಗಾರ ಬಣ್ಣದ ಹೊಳೆಮೀನು. ಮಳೆಗಾಲದಲ್ಲಿ ಹಳ್ಳಗಳನ್ನು ಏರಿ ಹೋಗಿ ಮೊಟ್ಟೆ ಇಡುತ್ತದೆ, ಮಳೆ ಹಿಂದಾದ ಮೇಲೆ ದೊಡ್ಡ ಹೊಳೆಯ ಮಡುವಿಗೆ ಇಳಿದು ಬರುತ್ತದೆ. ಮೊಟ್ಟೆಯನ್ನು ಒಂದೇ ಸಲ ಇಡುವುದಿಲ್ಲ, ಕಂತು ಕಂತಾಗಿ ಇಡುತ್ತದೆ. ಹಾಗಾಗಿ ಇಳಿದು ಬರುವ ಹಿಂಡಿನಲ್ಲಿ ಕೊನೆಯ ಕಂತನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಒಂದೆರಡು ಹೆಣ್ಣುಗಳಿರುತ್ತವೆ. ಅಂಥದ್ದೊಂದನ್ನು ಜೀವಂತ ಹಿಡಿದು, ಮೊಟ್ಟೆ ಪಡೆದು, ಮರಿ ಮಾಡಿ, ಮರಿಗಳನ್ನು ಇದೇ ಹೊಳೆಗೆ ಬಿಡಬೇಕು. ನಮಗೆ ಅನುಮತಿ ಇದ್ದದ್ದು ದಸರೆಯಿಂದ ದೀಪಾವಳಿಯವರೆಗೆ. ಅಷ್ಟರಲ್ಲಿ ಆಗದಿದ್ದರೆ ಮಹಶೀರ್ ಕೆಲಸ ಕೈಬಿಟ್ಟು ಆ ತೊಟ್ಟಿಗಳಿಗೆ ಎಲ್ಲರೂ ಸಾಕುವ ಕಾಟ್ಲಾ ಮೀನು ಬಿಡುವುದೆಂದು ನಮ್ಮ ಸಾಹೇಬರು ಮೊದಲೇ ಹೇಳಿದ್ದರು. ನನ್ನ ಹುದ್ದೆಯೂ ಅದರ ಜೊತೆಗೇ ಹೋಗುತ್ತಿತ್ತು.

ಬಲೆ ಹಾಕುವಂತಿರಲಿಲ್ಲ. ಬಲೆಗೆ ಉಜ್ಜಿ ಹುರುಪೆ ಕಿತ್ತುಹೋದರೆ ಆ ಮೀನು ಉಳಿಯುವುದಿಲ್ಲ. ಗಾಳವೇ ಗತಿ. ಗಾಳದ ವಿಷಯದಲ್ಲಿ ಆ ಭಾಗದವರೆಲ್ಲ ಹೇಳುತ್ತಿದ್ದದ್ದು ಒಬ್ಬರ ಹೆಸರನ್ನೇ. ಅಣಶಿ ಕಡೆಯಿಂದ ಬಂದು ಹೊಳೆಯ ದಂಡೆಯಲ್ಲಿ ನೆಲೆಸಿದ, ಅರವತ್ತು ದಾಟಿದ ಮನುಷ್ಯ. ಮನೆಮಾತು ಕೊಂಕಣಿ. ಎಲ್ಲರಿಗೂ ಅವರು ಕಾಕಾ. ಮೀನು ಮಾರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಯಾಕ ಬಿಟ್ರಿ ಕಾಕಾ?" ಎಂದು ಕೇಳಿದೆ.

"ಮೊದಲೆಲ್ಲಾ ಮಳಿ ನಿಂತ ಮ್ಯಾಲ ಹಿಂಡು ಹಿಂಡು ಇಳೀತಿದ್ವು. ಹೊಳಿ ಹಳದಿ ಕಾಣ್ತಿತ್ತು. ಈಗ ಬೆರಳಾಗ ಎಣಸಬೌದು. ಎಣಸೂ ಹಂಗ ಆದ ಮ್ಯಾಲ ಕೊಯ್ಯಾಕ ಕೈ ಬರ್ಲಿಲ್ಲ." ಆಮೇಲೆ ನನ್ನನ್ನು ನೆಟ್ಟಗೆ ನೋಡಿ ಹೇಳಿದರು: "ಮೇಡಮ್, ನಾ ಹಿಡದ ಕೊಡ್ತೇನಿ. ಆದ್ರ ಒಂದ ಮೀನ ಸತ್ರೂ ನಾ ಗಾಳ ಸುತ್ತಿ ಇಡ್ತೇನಿ. ಆಮ್ಯಾಲ ನಮ್ಮ ಮನಿ ಕಡೆ ಬರಬ್ಯಾಡ್ರಿ."

"ಮೀನ ಸಾಯದಂಗ ಇಡೂದನ್ನ ಕಲತ ಬಂದೇನ್ರಿ ಕಾಕಾ."

"ಕಲತೋರನ್ನ ನೋಡೇನಿ. ಅದಕ್ಕ ಹೇಳಿದೆ."

ನಮ್ಮ ಜೀಪಿನ ಡ್ರೈವರ್ ಭಾಯ್ ಹಳಿಯಾಳದವನು, ನಗು ತಡೆಯಲಾರದವನು. ಸ್ಟಿಯರಿಂಗ್ ಮೇಲೆ ತಲೆ ಇಟ್ಟು ನಕ್ಕ. ನನ್ನ ಮುಖ ಕೆಂಪಾಯಿತು.

ಮರುದಿನದಿಂದ ಕಾಕಾ ಕೆಲಸ ಶುರು ಮಾಡಿದರು. ಕೇಂದ್ರದಿಂದ ಒಯ್ದ ಹೊಸ ಗಾಳದ ಕೋಲನ್ನು ಎರಡು ಸಲ ಬಗ್ಗಿಸಿ ನೋಡಿ "ನಡೀತದ" ಅಂದರು. ಕೊಕ್ಕೆಯ ಒಳಮುಳ್ಳನ್ನು ನಾನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಟ್ಟೆ. ಮುಳ್ಳಿಲ್ಲದ ಕೊಕ್ಕೆ ಮೀನಿನ ತುಟಿ ಹರಿಯುವುದಿಲ್ಲ, ಆದರೆ ದಾರ ಒಂದು ಕ್ಷಣ ಸಡಿಲಾದರೂ ಮೀನು ಹೋಯಿತು. ಕಾಕಾ ಅದಕ್ಕೆ ಗೊಣಗಲಿಲ್ಲ.

ಅವರು ಬೆಳಿಗ್ಗೆಯೆಲ್ಲ ಸುಮ್ಮನೆ ಬಂಡೆಯ ಮೇಲೆ ಕೂಡುತ್ತಿದ್ದರು. ಮೊದಲು ಎದುರಿನ ಮರಳಿನ ದಿಣ್ಣೆಯಲ್ಲಿ ಮೊಸಳೆ ಇದೆಯೇ ನೋಡುವುದು, ಆಮೇಲೆ ಎಲೆ ಅಡಿಕೆ. ನಾನು ಗಡಿಯಾರ ನೋಡುತ್ತಿದ್ದೆ, ಅವರು ನೊರೆ ನೋಡುತ್ತಿದ್ದರು. ಹತ್ತು ಗಂಟೆಯ ಆಸುಪಾಸಿಗೆ ಮೇಲಿನಿಂದ ಒಣಗಿದ ಎಲೆ, ಬೆರಳಗಲದ ನೊರೆ ತೇಲಿ ಬರುತ್ತಿದ್ದವು. ಆಗ ಎದ್ದು ನಿಲ್ಲುತ್ತಿದ್ದರು. ನೀರು ಬಂಡೆಯ ಒಣ ಪಟ್ಟಿಯನ್ನು ನೆನೆಸುತ್ತ ಏರುತ್ತಿತ್ತು. ಸಣ್ಣ ಮೀನುಗಳು ದಂಡೆಗೆ ಸರಿಯುತ್ತಿದ್ದವು, ಅವುಗಳ ಹಿಂದೆ ದೊಡ್ಡವು ಮಡುವಿನ ಆಳದಿಂದ ಎದ್ದು ಬರುತ್ತಿದ್ದವು. ಅರ್ಧ ಗಂಟೆ ಅಷ್ಟೇ. ನೀರು ಪೂರ್ತಿ ಏರಿ ಸೆಳೆತ ಜೋರಾದ ಮೇಲೆ ಯಾವ ಮೀನೂ ಗಾಳ ಮುಟ್ಟುತ್ತಿರಲಿಲ್ಲ.

ಆ ಅರ್ಧ ಗಂಟೆಯಲ್ಲಿ ಅವರು ಮಾಡುತ್ತಿದ್ದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹೊಳೆಗೆ ಬಾಗಿದ ಅತ್ತಿಮರದ ಕೆಳಗೆ ನಿಂತು ಹಣ್ಣುಗಳನ್ನು ನೀರಿಗೆ ಎಸೆಯುತ್ತಿದ್ದರು. ಮೊದಲು ಒಂದು. ಸ್ವಲ್ಪ ತಡೆದು ಮತ್ತೊಂದು. ಆಮೇಲೆ ಮೂರ್ನಾಲ್ಕು ಒಟ್ಟಿಗೆ, ಜೊತೆಗೆ ಒಂದು ಮುರುಕು ಟೊಂಗೆ.

"ಇದೇನ್ರಿ ಕಾಕಾ ಲೆಕ್ಕಾ?"

"ಮಂಗ್ಯಾನ ಲೆಕ್ಕಾ. ಅದು ಮರಾ ಹತ್ತಿದ್ರ ಒಂದ ತಿಂತದ, ನಾಕ ಕೆಡವ್ತದ. ಕೆಳಗ ಇರೂ ಮೀನಕ್ಕ ಆ ಸಪ್ಪಳಾ ಗೊತ್ತೈತಿ. ಒಂದ ಸಮ ಒಗದ್ರ, ಯಾವನೋ ಮನಷ್ಯಾ ಬಂದಾನ ಅಂತದ."

ಇವುಗಳ ಹಿಂದೆ ಎಸೆಯುವ ಕೊನೆಯ ಹಣ್ಣಿನಲ್ಲಿ ಕೊಕ್ಕೆ ಇರುತ್ತಿತ್ತು. ಎಷ್ಟೋ ದಿನ ಬರೀ ಸಣ್ಣವು ಸಿಕ್ಕವು, ಬಿಟ್ಟೆವು. ಹತ್ತನೆಯ ದಿನ, ಒಂದು ಶನಿವಾರ, ದೊಡ್ಡ ಹೆಣ್ಣು ಸಿಕ್ಕಿತು. ಹೊಟ್ಟೆ ತುಂಬಿತ್ತು, ಆದರೆ ಇನ್ನೂ ಬಿಗಿಯಿತ್ತು. ಮೊಟ್ಟೆ ಮಾಗಲು ಒಂದೆರಡು ದಿನ ಬೇಕಿತ್ತು. ಮರುದಿನ ನೀರಿನ ಟ್ಯಾಂಕಿನ ಗಾಡಿ ತರಿಸಿ ಕೇಂದ್ರಕ್ಕೆ ಒಯ್ಯುವುದೆಂದು ಸಾಹೇಬರು ಫೋನಿನಲ್ಲಿ ಹೇಳಿದರು. ಅಲ್ಲಿಯವರೆಗೆ ಮೀನನ್ನು ಹಾಪಾದಲ್ಲಿ ಇಡಬೇಕು. ಹಾಪಾ ಅಂದರೆ ಸೊಳ್ಳೆಪರದೆಯನ್ನು ತಲೆಕೆಳಗು ಮಾಡಿ ನೀರಲ್ಲಿ ಕಟ್ಟಿದಂಥ ಬಲೆಯ ತೊಟ್ಟಿ.

ಹಾಪಾ ಕಟ್ಟುವುದರಲ್ಲಿ ನನಗೆ ಧೈರ್ಯವಿತ್ತು. ಮುಂಡಗೋಡದ ಕೆರೆಗಳಲ್ಲಿ ನಾನದನ್ನು ಎಷ್ಟು ಸಲ ಕಟ್ಟಿದ್ದೇನೋ ಲೆಕ್ಕವಿಲ್ಲ. ಟಿಬೆಟನ್ ಕಾಲೊನಿಯ ಹಿರಿಯರು ಪುಣ್ಯಕ್ಕೆಂದು ಜೀವಂತ ಮೀನು ಕೊಂಡು ಮತ್ತೆ ಕೆರೆಗೆ ಬಿಡುತ್ತಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರಿಗಾಗಿ ಮೀನನ್ನು ಎರಡೆರಡು ದಿನ ಹಾಪಾದಲ್ಲಿ ಕಾದದ್ದಿದೆ. ನಾಲ್ಕು ಗೂಟ, ನಾಲ್ಕು ಬಿಗಿ ಗಂಟು. ಒಂದು ಮೀನೂ ಸತ್ತಿರಲಿಲ್ಲ.

ಕಾಕಾ ಹೊರಡುವ ಮುಂಚೆ "ನಡು ಮಡುವಿಗೆ ಒಯ್ದು ಕಟ್ಟ ತಂಗಿ, ಹಗ್ಗ ಸಡ್ಲ ಬಿಡು" ಅಂದರು. ನಡು ಮಡುವಿನಲ್ಲಿ ಗೂಟ ನಿಲ್ಲುವುದಿಲ್ಲ, ಸೆಳೆತಕ್ಕೆ ಮೀನು ಬಳಲುತ್ತದೆ ಎಂಬುದು ನನ್ನ ಲೆಕ್ಕ. ನನ್ನ ನೋಟ್‌ಬುಕ್ಕಿನಲ್ಲಿ ಹತ್ತು ದಿನದ ಅಳತೆಯಿತ್ತು. ಎಷ್ಟೇ ಇಳಿದರೂ ನೀರು ಒಂದು ಕರಿ ಬಂಡೆಯ ಕೊರಳ ಕೆಳಗೆ ಹೋಗಿರಲಿಲ್ಲ. ಅಷ್ಟು ಇಳಿದಾಗಲೂ ಎರಡು ಅಡಿ ನೀರಿರುವ ಜಾಗ ನೋಡಿ, ದಂಡೆಯಲ್ಲೇ ನಾಲ್ಕು ಗೂಟ ಹೊಡೆದು ಕಟ್ಟಿದೆ.

ರವಿವಾರ ಬೆಳಿಗ್ಗೆ ಮೀನು ಚೆನ್ನಾಗಿತ್ತು. ಟ್ಯಾಂಕಿನ ಗಾಡಿಯವನಿಗೆ ಕಾಡಿನ ದಾರಿ ತಿಳಿಯದು. ಹತ್ತಕ್ಕೆ ಹೇಗೂ ನೀರು ಏರುತ್ತದೆ ಎಂದುಕೊಂಡು ನಾನೂ ಡ್ರೈವರ್ ಭಾಯಿಯೂ ಅವನನ್ನು ಕರೆತರಲು ಡಾಂಬರು ರಸ್ತೆಯವರೆಗೆ ಹೋದೆವು. ಗಾಡಿ ತಡವಾಗಿ ಬಂತು. ಹೊಳೆಗೆ ಮರಳಿದಾಗ ಮಧ್ಯಾಹ್ನ.

ನೀರು ಬಂದೇ ಇರಲಿಲ್ಲ. ಕರಿ ಬಂಡೆ ಬುಡದವರೆಗೂ ಬೆತ್ತಲೆ ನಿಂತಿತ್ತು. ನನ್ನ ನಾಲ್ಕು ಗೂಟಗಳು ನೆಟ್ಟಗಿದ್ದವು, ಗಂಟು ಒಂದೂ ಜಾರಿರಲಿಲ್ಲ. ಹಾಪಾದ ತಳ ಕಲ್ಲಿನ ಮೇಲೆ ಮಲಗಿತ್ತು, ಮೀನು ಅದರ ಮೇಲೆ.

ಕಾಕಾ ಬಂದರು. ಮೀನಿನ ಕಿವಿರು ಎತ್ತಿ ನೋಡಿದರು, ಮತ್ತೆ ಮೆತ್ತಗೆ ಇಳಿಸಿದರು. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಪುಸ್ತಕದಾಗ ರವಿವಾರ ಐತೇನ?" ಎಂದು ಕೇಳಿದರು.

ಇರಲಿಲ್ಲ. ಹಿಂದಿನ ರವಿವಾರ ಕೆಲಸಕ್ಕೆ ರಜೆ ಮಾಡಿದ್ದೆವು. ಅಂದಿನ ಅಳತೆಯ ಜಾಗದಲ್ಲಿ ನಾನು ಹಿಂದಿನ ಮುಂದಿನ ದಿನಗಳನ್ನು ನೋಡಿ ಅಂದಾಜು ಬರೆದುಕೊಂಡಿದ್ದೆ.

"ರವಿವಾರ ಕಾರಖಾನಿ ಸುಟಿ, ಮಷಿನ್ ಸುಟಿ, ನೀರಿಗೂ ಸುಟಿ. ಇದನ್ನ ಮೀನಕ್ಕ ಯಾರ ಹೇಳೂದು?"

ಗಾಳದ ದಾರ ಸುತ್ತಿ, ಕೋಲನ್ನು ಜೀಪಿನ ಹಿಂದೆ ಇಟ್ಟು, ಹೊರಟುಹೋದರು.

ಆ ಸಂಜೆ ಕೇಂದ್ರದ ರಿಜಿಸ್ಟರಿನಲ್ಲಿ ಸಾವಿನ ಕಾರಣ ಬರೆಯಬೇಕಿತ್ತು. 'ಹಿಡಿಯುವಾಗಿನ ಆಘಾತ' ಎಂದು ಬರೆದೆ. ಎಲ್ಲರೂ ಬರೆಯುವುದು ಅದನ್ನೇ, ಯಾರೂ ಪ್ರಶ್ನೆ ಮಾಡುವುದಿಲ್ಲ. ಬರೆದ ಮೇಲೆ ಪೆನ್ನು ಕೆಳಗಿಡಲು ಆಗಲಿಲ್ಲ. ಹಿಡಿಯುವಾಗ ಆಘಾತವಾಯಿತು ಅಂದರೆ ಹಿಡಿದವರ ತಪ್ಪು ಎಂದಾಯಿತು. ಹಿಡಿದವರು ಕಾಕಾ. ಅವರ ಕೈಯಲ್ಲಿ ಆ ಮೀನಿನ ಒಂದು ಹುರುಪೆಯೂ ಕದಲಿರಲಿಲ್ಲ. ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ: 'ರವಿವಾರದ ಇಳಿತವನ್ನು ಅಳೆಯದೆ, ಬಲ್ಲವರು ಹೇಳಿದ್ದನ್ನು ಕೇಳದೆ, ದಂಡೆಯಲ್ಲಿ ಹಾಪಾ ಕಟ್ಟಿದ್ದು ನನ್ನ ತಪ್ಪು.' ಕೆಳಗೆ ಸಹಿ ಮಾಡಿದೆ. ಹೆಸರಿನ ಮುಂದೆ ಡಿಗ್ರಿಯನ್ನೂ ಬರೆದೆ. ಕಷ್ಟಪಟ್ಟು ಪಡೆದದ್ದು, ತಪ್ಪು ಮಾಡಿದ ದಿನ ಅದನ್ನು ಮುಚ್ಚಿಡುವುದು ಸರಿ ಕಾಣಲಿಲ್ಲ.

ನಾಲ್ಕನೆಯ ದಿನ ಆ ರಿಜಿಸ್ಟರ್ ಹಿಡಿದುಕೊಂಡೇ ಕಾಕಾನ ಮನೆಗೆ ಹೋದೆ. ಬರಬೇಡ ಅಂದಿದ್ದರು, ಹೋದೆ. ಅವರ ಹೆಂಡತಿ ಕಾಕಿ ಅಂಗಳದಲ್ಲಿ ಭತ್ತ ಒಣಹಾಕುತ್ತಿದ್ದರು. ಕಾಕಾ ನನ್ನನ್ನು ನೋಡಿಯೂ ನೋಡದಂತೆ ಕತ್ತಿ ಮಸೆಯುತ್ತ ಕುಳಿತರು. ನಿಂತುಕೊಂಡೇ ಆ ಸಾಲು ಓದಿದೆ.

ಕತ್ತಿ ನಿಂತಿತು. "ಇದನ್ನ ನಿಮ್ಮ ಸಾಹೇಬ ಓದ್ತಾನ?"

"ಓದ್ತಾರ್ರಿ."

"ಬೈತಾನ?"

"ಬೈದ್ರು, ಆಗಲೇ."

"ಬರೆಂ ಜಾಲೆಂ," ಅಂದರು. ಒಳ್ಳೇದಾಯಿತು ಎಂದು. ಕಾಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಕುಂಡ್ರಸು ಆಕೀನ್ನ, ಚಾ ಕುಡೀಲಿ. ಮುದುಕ ನಾಕ ದಿನಾ ಹೊಳಿಗೆ ಹೋಗದ ನನ್ನ ತಲಿ ತಿಂದಾನ."

ಉಳಿದದ್ದು ಒಂದು ವಾರ. ಈ ಸಲ ಕಾಕಾ ಹೇಳಿದಂತೆ ಮೊದಲು ಗಂಡು ಹಿಡಿದೆವು, ಎರಡು. ಅವನ್ನಿಡಲು ಕಾಕಾ ಹೊಳೆಯ ನಡುವಿನ ಕಾಲುವೆಯಂಥ ಜಾಗದಲ್ಲಿ ಕಲ್ಲಿನ ಸುತ್ತುಗೋಡೆ ಕಟ್ಟಿದರು. ಸಿಮೆಂಟಿಲ್ಲ, ಹಗ್ಗವಿಲ್ಲ. ಕಲ್ಲುಗಳ ಸಂದಿಯಲ್ಲಿ ನೀರು ಹಾಯುತ್ತಿತ್ತು, ಮೀನು ಹಾಯುತ್ತಿರಲಿಲ್ಲ. ರವಿವಾರ ಬಂತು, ಹೊಳೆ ಬತ್ತಿತು. ನಾನು ಹೋಗಿ ಅಳೆದೆ. ಗೂಡಿನೊಳಗೆ ಸೊಂಟದುದ್ದ ನೀರಿತ್ತು. ಒಂದು ದೊಡ್ಡ ಕಲ್ಲು ಎಲ್ಲಿ ಕೂತರೆ ಸೆಳೆತ ಒಡೆಯುತ್ತದೆಂದು ಅವರು ನೋಡಿ ನೋಡಿ ಮೂರು ಸಲ ಜಾಗ ಬದಲಿಸಿದ್ದು ನೆನಪಾಯಿತು. ನಾಲ್ಕು ವರ್ಷ ಕಲಿತವಳು ನಾನು. ಇವರಿಗೆ ಸರ್ಟಿಫಿಕೇಟ್ ಕೊಡುವ ಕಾಲೇಜು ಎಲ್ಲಿದೆ?

ಆದರೆ ಹೆಣ್ಣು ಸಿಗಲಿಲ್ಲ. ಮಡುವಿನ ಮರದ ಹಣ್ಣು ಮುಗಿದು, ಕಾಕಾ ಮೇಲಿನ ಹಳ್ಳದಿಂದ ಹಣ್ಣು ಆರಿಸಿ ತರತೊಡಗಿದರು. ಸಾಹೇಬರ ಫೋನ್ ದಿನಾ ಬರುತ್ತಿತ್ತು: ಹೆಣ್ಣು ಸಿಕ್ಕರೆ ಕೇಂದ್ರಕ್ಕೇ ತರಬೇಕು, ಮೊಟ್ಟೆ ಮಾಗಲು ಇಂಜೆಕ್ಷನ್ ಕೊಟ್ಟು ತೊಟ್ಟಿಯಲ್ಲಿಟ್ಟು ನಿಧಾನ ಮೊಟ್ಟೆ ತೆಗೆಯೋಣ, ನೀನಾಗಿ ಏನೂ ಮಾಡಬೇಡ.

ಅನುಮತಿ ಮುಗಿಯಲು ಎರಡು ದಿನವಿತ್ತು. ನೊರೆ ಬಂತು, ಕಾಕಾ ಎದ್ದರು. ಒಂದು ಹಣ್ಣು, ತಡೆದು ಮತ್ತೊಂದು, ಆಮೇಲೆ ಮೂರು. ಕೊಕ್ಕೆಯ ಹಣ್ಣು ನೀರು ಮುಟ್ಟಿದ ಕೂಡಲೇ ಮಡು ಒಡೆದಂತಾಯಿತು. ರೀಲು ಚೀರಿತು. ಮೀನು ಏರುವ ನೀರಿನ ಜೊತೆಗೇ ಕೆಳಕ್ಕೆ ಓಡಿತು, ಕಾಕಾ ಬಂಡೆಯಿಂದ ಬಂಡೆಗೆ ಬರಿಗಾಲಲ್ಲಿ ಅದರ ಹಿಂದೆ. ಹೊಟ್ಟೆ ತುಂಬಿದ ಹೆಣ್ಣನ್ನು ಕಾಲು ಗಂಟೆಗಿಂತ ಹೆಚ್ಚು ಕಾಡಬಾರದು, ಹೆಚ್ಚಾದರೆ ದಾರ ಕೊಯ್ದುಬಿಡುವುದು ಎಂದು ನಾವು ಮಾತಾಡಿಕೊಂಡಿದ್ದೆವು. ನಾನು ಗಡಿಯಾರ ಹಿಡಿದು ಕೂಗುತ್ತಿದ್ದೆ. ಹತ್ತು ನಿಮಿಷಕ್ಕೆ ದಾರ ಒಂದು ಬಂಡೆಗೆ ಸುತ್ತಿ ನಿಂತಿತು.

"ಎಳೀರಿ ಕಾಕಾ!" ಡ್ರೈವರ್ ಭಾಯ್ ಕಿರುಚಿದ.

ಕಾಕಾ ಎಳೆಯಲಿಲ್ಲ. ದಾರ ಸಡಿಲ ಬಿಟ್ಟರು. ಮುಳ್ಳಿಲ್ಲದ ಕೊಕ್ಕೆ! "ಎಳದ್ರ ಆ ಕಡೀನ ಹೋಗ್ತದ. ಬಿಟ್ರ, ಪೀಡಾ ಹೋತು ಅಂತ ತಿರಗ್ತದ," ಅಂದರು ಮೆಲ್ಲಗೆ, ನೀರು ನೋಡುತ್ತ. ಒಂದು ಉಸಿರು, ಎರಡು ಉಸಿರು. ದಾರ ತಾನಾಗಿ ಬಂಡೆಯಿಂದ ಕಳಚಿ ನಮ್ಮ ಕಡೆ ಸರಿಯಿತು. ಹದಿನಾಲ್ಕನೆಯ ನಿಮಿಷಕ್ಕೆ ಮೀನು ದಂಡೆಯ ನೀರಲ್ಲಿತ್ತು. ನೆನೆಸಿದ ಹಳೆಯ ಧೋತರವನ್ನು ನಾನೂ ಡ್ರೈವರ್ ಭಾಯಿಯೂ ತೊಟ್ಟಿಲಿನಂತೆ ಹಿಡಿದು ಅದರೊಳಗೆ ತೆಗೆದುಕೊಂಡೆವು.

ಹೊಟ್ಟೆಯ ಮೇಲೆ ಹೆಬ್ಬೆರಳು ಇಟ್ಟೆ. ಬೆಣ್ಣೆಯಂತೆ ಮೆತ್ತಗಿತ್ತು. ಸ್ವಲ್ಪ ಒತ್ತಿದ್ದೇ ತಡ, ಮೂರು ನಾಲ್ಕು ಬಂಗಾರದ ಕಾಳು ಅಂಗೈಗೆ ಬಿದ್ದವು. ಪೂರ್ತಿ ಮಾಗಿತ್ತು.

ಟ್ಯಾಂಕಿನ ಗಾಡಿ ಬರಲು ಅರ್ಧ ದಿನ. ಫೋನ್ ಸಿಗಲು ಗುಡ್ಡ ಏರಬೇಕು. ಗಾಡಿಯ ಕುಲುಕಾಟಕ್ಕೆ ಇಂಥ ಹೆಣ್ಣು ದಾರಿಯಲ್ಲೇ ಮೊಟ್ಟೆ ಚೆಲ್ಲುತ್ತದೆ, ಇಲ್ಲವೇ ಸಾಯುತ್ತದೆ. ಕಾಕಾ ನನ್ನ ಮುಖ ನೋಡುತ್ತಿದ್ದರು.

"ಎಲ್ಲಿ ಇಡೂದು ಇದನ್ನ?"

"ಎಲ್ಲಿಯೂ ಇಡೂದಿಲ್ರಿ. ಇಲ್ಲೇ ಮೊಟ್ಟಿ ತಗೀತೇನಿ, ಇಲ್ಲೇ ಬಿಡ್ತೇನಿ."

"ಸಾಹೇಬ?"

"ಮತ್ತ ಬೈತಾರ."

ಒಣ ತಟ್ಟೆ ಬೇಕು, ಒಣ ಕೈ ಬೇಕು. ಗಂಡಿನ ಹಾಲು, ಅಂದರೆ ವೀರ್ಯ, ಸೇರುವ ಮೊದಲು ಮೊಟ್ಟೆಗೆ ಒಂದು ಹನಿ ನೀರು ಬಿದ್ದರೂ ಅದರ ಬಾಗಿಲು ಮುಚ್ಚಿಹೋಗುತ್ತದೆ. ಎಲ್ಲವನ್ನೂ ಒರೆಸಿ ಕುಳಿತಾಗಲೇ ತುಂತುರು ಶುರುವಾಯಿತು. ಡ್ರೈವರ್ ಭಾಯ್ ಜೀಪಿನಿಂದ ಛತ್ರಿ ತಂದು ತಟ್ಟೆಯ ಮೇಲೆ ಹಿಡಿದ. ತಾನು ಪೂರ್ತಿ ತೊಯ್ಯುತ್ತ ಹೇಳಿದ: "ಮೇಡಮ್ಮೋರೆ, ನನ್ನ ನಿಕಾದಾಗೂ ಯಾರೂ ಇಷ್ಟ ಜ್ವಾಕಿ ಮಾಡಿ ಛತ್ರಿ ಹಿಡದಿದ್ದಿಲ್ರೀ."

"ನಗಿಸಬ್ಯಾಡೋ, ಕೈ ನಡಗ್ತಾವು."

ಕಾಕಾ ತಲೆಯ ಕಡೆ ಹಿಡಿದರು. ಅವರ ಬೆರಳು ಮೀನಿನ ಕಣ್ಣಿನ ಮೇಲೆ ಒದ್ದೆ ಬಟ್ಟೆ ಸರಿಸಿತು, ಮೀನು ಒದ್ದಾಡುವುದನ್ನು ನಿಲ್ಲಿಸಿತು. ಎದೆಯಿಂದ ಬಾಲದ ಕಡೆಗೆ ಒಂದೇ ಒತ್ತಡದಲ್ಲಿ ಕೈ ಜಾರಿಸಿದೆ. ಮೊಟ್ಟೆಗಳು ಸಾಲಾಗಿ ಇಳಿದವು, ತಟ್ಟೆಯಲ್ಲಿ ಒಂದು ಬೊಗಸೆಯಷ್ಟು ಕೂಡಿದವು. ಇನ್ನೂ ಇತ್ತು. ರಕ್ತದ ಎಳೆ ಕಾಣುವ ಮೊದಲೇ ಕೈ ತೆಗೆದೆ. ಹೆಣ್ಣನ್ನು ಕಾಕಾ ನೀರಿಗೆ ಒಯ್ದರು. ನಾನು ಕಲ್ಲಿನ ಗೂಡಿನಿಂದ ತಂದಿದ್ದ ಗಂಡುಗಳ ಕಡೆ ತಿರುಗಿದೆ. ಮೊದಲನೆಯದರ ಹಾಲು ತೆಳ್ಳಗಿತ್ತು, ಎರಡನೆಯದು ಮೊಸರಿನಂತೆ ಬಿತ್ತು. ಕಾಕಾನ ಮನೆಯ ಕೋಳಿಯ ಗರಿಯಿಂದ ಮೆತ್ತಗೆ ತಿರುವಿ, ಹೊಳೆಯ ನೀರು ಹಾಕಿ, ತೊಳೆದು, ಒದ್ದೆ ಅರಳೆಯ ಪದರಗಳ ನಡುವೆ ಹಾಸಿದೆ.

ತಲೆ ಎತ್ತಿದಾಗ ಕಾಕಾ ಇನ್ನೂ ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಮೊಸಳೆಯ ದಿಣ್ಣೆಗೆ ಬೆನ್ನು ಮಾಡಿ, ಹೆಣ್ಣಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡು. ಕಿವಿರು ಮುಚ್ಚಿ ತೆರೆಯುವುದನ್ನು ಎಣಿಸುತ್ತಿದ್ದಂತಿತ್ತು. ಬಹಳ ಹೊತ್ತಿನ ಮೇಲೆ ಬಾಲ ಒಮ್ಮೆ ಬಡಿಯಿತು, ಅವರ ಮುಖದ ತುಂಬ ನೀರು ಸಿಡಿಯಿತು. ಕೈ ಖಾಲಿ.

"ಹೋತು," ಅಂದರು. ಮುಖ ಒರೆಸಿಕೊಳ್ಳಲಿಲ್ಲ.

ಹಳಿಯಾಳದ ದಾರಿಯನ್ನು ಡ್ರೈವರ್ ಭಾಯ್ ಅಷ್ಟು ನಿಧಾನ ಎಂದೂ ಓಡಿಸಿರಲಿಲ್ಲ. ದಾಂಡೇಲಿಯ ಹತ್ತಿರ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿದರು. ಹೆಣ್ಣು ಸಿಕ್ಕಿತೆಂದಷ್ಟೇ ಅಲ್ಲಿಂದ ಫೋನ್ ಮಾಡಿದ್ದೆ; ಕೇಂದ್ರದ ಬಾಗಿಲಲ್ಲಿ ಸಾಹೇಬರು ನಿಂತಿದ್ದರು.

"ಹೆಣ್ಣು ಎಲ್ಲಿ?"

"ಹೊಳಿಯಾಗ ಐತ್ರಿ ಸರ್."

ಅವರು ಅರಳೆಯ ಪದರ ಎತ್ತಿ ನೋಡಿದರು, ಒಳಗೆ ಹೋಗಿ ಹಾಲೆಯ, ಅಂದರೆ ಮೊಟ್ಟೆ ಮರಿಯಾಗುವ ಉದ್ದನೆಯ ತೊಟ್ಟಿಯ, ನೀರಿನ ನಲ್ಲಿ ತಾವೇ ತಿರುಗಿಸಿದರು. ಬೈಗುಳ ಮೊಟ್ಟೆ ಒಡೆಯುವವರೆಗೆ ಬಾಕಿ ಎಂದು ಅರ್ಥಮಾಡಿಕೊಂಡೆ.

ಮೊದಲ ದಿನ ಮೊಟ್ಟೆಗಳು ಬಿಳಿಯಾಗತೊಡಗಿದವು. ಬಿಳಿಯಾದದ್ದು ಸತ್ತದ್ದು. ಅದನ್ನು ಆಗಿಂದಾಗ ಪಿಪೆಟ್ಟಿನಿಂದ ಎತ್ತಬೇಕು, ಇಲ್ಲವಾದರೆ ಬೂಸ್ಟು ಪಕ್ಕದ್ದಕ್ಕೂ ಹತ್ತುತ್ತದೆ. ಒಂದೊಂದಾಗಿ ಎತ್ತಿದೆ. ಎರಡನೆಯ ದಿನ ಬಿಳಿ ಕಡಿಮೆಯಾಯಿತು. ಉಳಿದವುಗಳ ಒಳಗೆ ಎರಡು ಕರಿ ಚುಕ್ಕೆ ಕಂಡವು, ಕಣ್ಣು. ಸಾಹೇಬರನ್ನು ಕರೆದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಾಗಿದ್ದರು. "ಮುಂದಿನ ವರ್ಷದ ಅನುಮತಿಗೆ ಅರ್ಜಿ ಬರಿ. ದಂಡೆಯಲ್ಲೇ ಮೊಟ್ಟೆ ತೆಗೆಯುವುದು ಅಂತ ಬರಿ," ಅಂದರು. ಬೈಗುಳ ಅಷ್ಟಕ್ಕೇ ಮುಗಿಯಿತು.

ನಾಲ್ಕನೆಯ ದಿನ ಮೊಟ್ಟೆ ಒಡೆದವು. ಡ್ರೈವರ್ ಭಾಯಿಯನ್ನು ಕಳಿಸಿ ಕಾಕಾನನ್ನು ಕರೆಸಿದೆ. ಅವರು ತೊಳೆದ ಅಂಗಿ ಹಾಕಿಕೊಂಡು ಬಂದರು, ಚಪ್ಪಲಿ ಹೊರಗೆ ಬಿಟ್ಟರು. ಅವರಿಗೆ ಚೆನ್ನಾಗಿ ಕಾಣಲೆಂದು ನಾನು ಹಾಲೆಗಳ ಮೇಲಿನ ದೊಡ್ಡ ದೀಪ ಹಾಕಿದ್ದೆ. ಅಕ್ಕಿಕಾಳಿಗಿಂತ ತುಸು ಉದ್ದದ, ಗಾಜಿನಂಥ ಮರಿಗಳು, ಹೊಟ್ಟೆಗೆ ಹಳದಿ ಗಂಟು ಕಟ್ಟಿಕೊಂಡು, ಒಂದರ ಮೇಲೊಂದು ಬಿದ್ದು ಮೂಲೆಯಲ್ಲಿ ಗುಂಪಾಗಿ ನಡುಗುತ್ತಿದ್ದವು. ಕಾಕಾ ಬಾಗಿದರು. ಅವರು ಅಂಗೈ ಚಾಚಿ ಆ ಮೂಲೆಯ ಮೇಲೆ ನೆರಳು ಮಾಡಿದರು. ಗುಂಪು ಸಡಿಲವಾಗಿ ಆ ನೆರಳಿನ ಅಗಲಕ್ಕೆ ಹರಡಿಕೊಂಡಿತು.

"ತಂಗಿ, ದೀಪಾ ಆರಸು. ಅವಕ್ಕ ಬೆಳಕ ಬ್ಯಾಡಾಗೇತಿ."

ಈ ಮರಿ ಮೊದಲ ದಿನಗಳಲ್ಲಿ ಬೆಳಕಿಗೆ ಅಂಜುತ್ತದೆಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅವರು ಮರಿಯನ್ನು ನೋಡಿದ್ದೇ ಆಗ ಮೊದಲು. ದೀಪ ಆರಿಸಿದೆ, ಕಿಟಕಿಗೆ ಕರಿ ಬಟ್ಟೆ ಎಳೆದೆ. ಹಾಲೆಯೊಳಗೆ ಏನೂ ಕಾಣುತ್ತಿರಲಿಲ್ಲ. ನಲ್ಲಿಯ ನೀರು ಸಣ್ಣಗೆ ಬೀಳುವ ಸಪ್ಪಳ ಕೇಳುತ್ತ ಕಾಕಾ, ಡ್ರೈವರ್ ಭಾಯ್, ನಾನು ಮೂವರೂ ಕತ್ತಲಲ್ಲಿ ನಿಂತೆವು.